ನ್ಯೂಯಾರ್ಕಿನ ವಸ್ತುಸಂಗ್ರಹಾಲಯಗಳು ಮತ್ತೆ ತೆರೆದಿವೆ: ವಯಸ್ಸಾದ ತಾಯಿಯವರನ್ನು ಕರೆದೊಯ್ಯಬಹುದೇ?

ಪ್ರಶ್ನೆ (ಎಡಿಸನ್, ನ್ಯೂಜೆರ್ಸಿ, ಸೆಪ್ಟೆಂಬರ್ 2, 2020)

ಎಲ್ಲರಿಗೂ ನಮಸ್ಕಾರ. ಫೆಬ್ರವರಿಯಲ್ಲಿ ಶಿವಮೊಗ್ಗದಿಂದ ಬಂದ ನನ್ನ ತಾಯಿ ಕೊರೊನಾದಿಂದಾಗಿ ವಿಮಾನಗಳು ನಿಂತುಹೋದ ಕಾರಣ ಇಲ್ಲಿಯೇ ಉಳಿದಿದ್ದು, ಈ ತಿಂಗಳ ಕೊನೆಗೆ ಭಾರತ ಸರ್ಕಾರದ ವಂದೇ ಭಾರತ್ ವಿಶೇಷ ವಿಮಾನದಲ್ಲಿ ಅವರಿಗೆ ಸೀಟು ಸಿಕ್ಕಿದೆ. ಇಷ್ಟು ದಿನ ಅಮೆರಿಕವೆಂದರೆ ಅವರ ಪಾಲಿಗೆ ನಮ್ಮ ಬಾಲ್ಕನಿ ಮತ್ತು ಎದುರಿನ ಪಾರ್ಕಿಂಗ್ ಜಾಗ ಮಾತ್ರ. ಮಾರ್ಚ್ 13ರಂದು ಮುಚ್ಚಿದ್ದ ಮೆಟ್ರೊಪಾಲಿಟನ್ ಮ್ಯೂಸಿಯಂ (ಮೆಟ್) ಆಗಸ್ಟ್ 29ರಂದು ತೆರೆದಿದೆ. ಅದಕ್ಕೂ ಎರಡು ದಿನ ಮೊದಲೇ ಆಧುನಿಕ ಕಲೆಯ ಮ್ಯೂಸಿಯಂ ಮೋಮಾ ತೆರೆದಿದೆ. ಅವರಿಗೆ 67 ವರ್ಷ, ಮಂಡಿನೋವು ಇದೆ. ಎರಡನ್ನೂ ಒಂದೇ ದಿನ ನೋಡಬಹುದೇ, ಅಥವಾ ಹೋಗುವುದೇ ಬೇಡವೇ ಎಂದು ಹೋಗಿಬಂದವರು ದಯವಿಟ್ಟು ತಿಳಿಸಿ.

ಉತ್ತರ 1 (ಕ್ವೀನ್ಸ್)

ನಾನು ಕಳೆದ ಭಾನುವಾರ ಮೆಟ್‌ಗೆ ಹೋಗಿದ್ದೆ. ಎರಡನ್ನೂ ಒಂದೇ ದಿನಕ್ಕೆ ಇಟ್ಟುಕೊಳ್ಳಬೇಡಿ. ಮೆಟ್ ಒಂದೇ ಸಾಕು. ಟಿಕೆಟನ್ನು ಮೊದಲೇ ಆನ್‌ಲೈನಿನಲ್ಲಿ, ನಿಗದಿತ ಸಮಯಕ್ಕೆ ಕಾಯ್ದಿರಿಸಬೇಕು. ಬಾಗಿಲಲ್ಲಿ ಜ್ವರ ನೋಡುತ್ತಾರೆ, ಮಾಸ್ಕ್ ಕಡ್ಡಾಯ, ಮಂಗಳವಾರ ಮತ್ತು ಬುಧವಾರ ರಜೆ. ಮುಂಭಾಗದ ಎತ್ತರದ ಮೆಟ್ಟಿಲುಗಳನ್ನು ತಾಯಿಯವರು ಹತ್ತಬೇಕಿಲ್ಲ, 81ನೇ ಬೀದಿಯ ಬಳಿ ಮೆಟ್ಟಿಲಿಲ್ಲದ ಬಾಗಿಲಿದೆ.

ಒಳಗೆ ಹಿಡಿಸುವ ಜನರಲ್ಲಿ ಕಾಲುಭಾಗಕ್ಕೆ ಮಾತ್ರ ಈಗ ಪ್ರವೇಶವಿರುವುದರಿಂದ, ಸಾಮಾನ್ಯವಾಗಿ ಜಾತ್ರೆಯಂತಿರುವ ದೆಂದೂರ್ ದೇಗುಲದ ಅಂಗಳದಲ್ಲಿ ನನ್ನ ಹೆಜ್ಜೆಯ ಸದ್ದು ನನಗೇ ಕೇಳಿಸಿತು. ಆಸ್ವಾನ್ ಅಣೆಕಟ್ಟಿನ ನೀರಿನಲ್ಲಿ ಮುಳುಗಬೇಕಿದ್ದ ಈ ದೇಗುಲವನ್ನು ಕಲ್ಲುಕಲ್ಲಾಗಿ ಬಿಚ್ಚಿ, 1965ರಲ್ಲಿ ಈಜಿಪ್ಟ್ ಅಮೆರಿಕಕ್ಕೆ ಉಡುಗೊರೆಯಾಗಿ ನೀಡಿತು. ಇಲ್ಲಿ ಅದು ಜನರಿಗೆ ತೆರೆದದ್ದು 1978ರಲ್ಲಿ. ಎದುರಿನ ಗಾಜಿನ ಗೋಡೆಯಿಂದ ಬಿಸಿಲು ಬಿದ್ದಾಗ, ಹಿಂದಿನ ಶತಮಾನಗಳ ಪ್ರವಾಸಿಗರು ಕಲ್ಲಿನ ಮೇಲೆ ಕೆತ್ತಿಹೋದ ಹೆಸರುಗಳೂ ಸ್ಪಷ್ಟವಾಗಿ ಕಾಣುತ್ತವೆ. ತಾಯಿಯವರು ಮಲೆನಾಡಿನ ಕಡೆಯವರಾದ್ದರಿಂದ, ಗುಜರಾತಿನ ಪಾಟಣದಿಂದ ತಂದ, ಹದಿನಾರನೇ ಶತಮಾನದ ಜೈನ ಸಭಾಮಂಟಪದ ಸಾಗುವಾನಿ ಕೆತ್ತನೆಯನ್ನು ತಪ್ಪದೆ ತೋರಿಸಿ. ತೊಟ್ಟಿಮನೆಯ ಕಂಬಗಳನ್ನು ಕಂಡವರ ಕಣ್ಣಿಗೆ ಆ ಕೆಲಸದ ಬೆಲೆ ತಾನಾಗಿಯೇ ತಿಳಿಯುತ್ತದೆ.

ಉತ್ತರ 2 (ಜರ್ಸಿ ಸಿಟಿ)

ಮೋಮಾ ಸೆಪ್ಟೆಂಬರ್ 27ರವರೆಗೆ ಎಲ್ಲರಿಗೂ ಉಚಿತ, ಗಂಟೆಗೆ ನೂರು ಜನರಿಗೆ ಮಾತ್ರ ಪ್ರವೇಶ. ವ್ಯಾನ್ ಗಾಗ್‌ನ ನಕ್ಷತ್ರಗಳ ರಾತ್ರಿಯ ಚಿತ್ರದ ಮುಂದೆ ಹೀಗೆ ನೆಮ್ಮದಿಯಾಗಿ ನಿಲ್ಲುವ ಅವಕಾಶ ಮತ್ತೆ ಸಿಗುವುದು ಕಷ್ಟ. ಆದರೆ ಅದು ಬೇರೆ ದಿನಕ್ಕಿರಲಿ.

ಉತ್ತರ 3 (ಪ್ರಿನ್ಸ್‌ಟನ್)

ನನ್ನದು ಸ್ವಲ್ಪ ಭಿನ್ನವಾದ ಅಭಿಪ್ರಾಯ. ವಿಮಾನ ಹತ್ತುವ ಮುಂಚಿನ ಎರಡು ವಾರ ಅವರನ್ನು ಎಲ್ಲಿಗೂ ಕರೆದೊಯ್ಯಬೇಡಿ; ಈಗ ಜ್ವರ ಬಂದರೆ ಆ ಸೀಟು ಕೈತಪ್ಪುತ್ತದೆ. ಹೋಗುವುದಾದರೆ ಈ ವಾರವೇ ಹೋಗಿ, ರೈಲು ಬಿಟ್ಟು ಕಾರಿನಲ್ಲಿ ಹೋಗಿ, ಬುತ್ತಿಯನ್ನು ಸೆಂಟ್ರಲ್ ಪಾರ್ಕಿನ ಬೆಂಚಿನ ಮೇಲೆ ಬಿಚ್ಚಿ.

ಪ್ರಶ್ನೆ ಕೇಳಿದವರಿಂದ (ಅಕ್ಟೋಬರ್ 24)

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಸೆಪ್ಟೆಂಬರ್ 4ರ ಶುಕ್ರವಾರ ಮೆಟ್‌ಗೆ ಹೋಗಿದ್ದೆವು. ಸಾಗುವಾನಿ ಮಂಟಪದ ಕೆಳಗೆ ಅಮ್ಮ ಕತ್ತೆತ್ತಿ, ಗುಮ್ಮಟದೊಳಗಿನ ನರ್ತಕಿಯರನ್ನೂ ವಾದ್ಯಗಾರರನ್ನೂ ನೋಡುತ್ತಾ ಬಹಳ ಹೊತ್ತು ನಿಂತರು. ಮಂಡಿನೋವಿನ ಮಾತೇ ಬರಲಿಲ್ಲ. ನಂತರ ಜೇಕಬ್ ಲಾರೆನ್ಸ್ 1950ರ ದಶಕದಲ್ಲಿ ಅಮೆರಿಕದ ಆರಂಭದ ಇತಿಹಾಸದ ಬಗ್ಗೆ ಬಿಡಿಸಿದ ಮೂವತ್ತು ಚಿತ್ರಗಳ ಸರಣಿಯನ್ನು ನೋಡಿದೆವು. ಐದು ಚಿತ್ರಗಳು ಎಲ್ಲಿವೆಯೆಂಬುದು ಯಾರಿಗೂ ತಿಳಿದಿಲ್ಲ ಎಂದು ಹೇಳಿದಾಗ, "ಯಾರದೋ ಮನೆಯ ಗೋಡೆಯ ಮೇಲೇ ಇರುತ್ತವೆ, ಅವರಿಗೆ ಗೊತ್ತಿರುವುದಿಲ್ಲ ಅಷ್ಟೆ" ಎಂದರು ಅಮ್ಮ.

ಈ ವಾರದ ಸುದ್ದಿಯನ್ನು ನೀವೂ ಓದಿರಬಹುದು. ಪ್ರದರ್ಶನವನ್ನು ನೋಡಿದವರೊಬ್ಬರಿಗೆ ನೆರೆಯವರ ಮನೆಯಲ್ಲಿರುವ ಚಿತ್ರದ ನೆನಪಾಗಿ, ಹದಿನಾರನೇ ಚಿತ್ರ ಪತ್ತೆಯಾಗಿದೆ. 1960ರಲ್ಲಿ ಸಹಾಯಾರ್ಥ ಹರಾಜಿನಲ್ಲಿ ಕೊಂಡ ಅದು ಮೆಟ್‌ನ ಪಕ್ಕದ ಸೆಂಟ್ರಲ್ ಪಾರ್ಕಿನ ಆಚೆ ಬದಿಯ ಅಪಾರ್ಟ್‌ಮೆಂಟೊಂದರಲ್ಲಿತ್ತು. ಈಗ ಉಳಿದ ಚಿತ್ರಗಳ ಜೊತೆ ಮೆಟ್‌ನಲ್ಲೇ ತೂಗುತ್ತಿದೆ. ಶಿವಮೊಗ್ಗಕ್ಕೆ ಫೋನ್ ಮಾಡಿ ಹೇಳಿದೆ. ಪ್ರದರ್ಶನ ನವೆಂಬರ್ 1ಕ್ಕೆ ಮುಗಿಯುವುದರೊಳಗೆ ಹೋಗಿ ಅದನ್ನು ನೋಡಿ ಬಂದು ತಮಗೆ ವಿವರವಾಗಿ ಹೇಳಬೇಕೆಂದು ಅಮ್ಮ ಅಪ್ಪಣೆ ಮಾಡಿದ್ದಾರೆ. ಬರುವ ಗುರುವಾರಕ್ಕೆ ಟಿಕೆಟ್ ಕಾಯ್ದಿರಿಸಿದ್ದೇನೆ.