ಪದಚರ್ಚೆ: ಅರ್ಜಿಯ "ಫೀಲ್ಡ್"ಗೆ ಏನನ್ನೋಣ? ತಪ್ಪು ತೋರಿಸುವ ಸಾಲು ಹೇಗಿರಲಿ?

ಎಲ್ಲರಿಗೂ ನಮಸ್ಕಾರ.

ಒಂದು ಸಹಕಾರ ಸಂಘದ ಸದಸ್ಯತ್ವದ ಅರ್ಜಿಯನ್ನು ವೆಬ್‌ಗೆ ತರುತ್ತಿದ್ದೇವೆ. ಅದರ ಕನ್ನಡ ಸಾಲುಗಳನ್ನು ಬರೆಯುವ ಕೆಲಸ ನನ್ನದು. ಅರ್ಜಿಯಲ್ಲಿ ತುಂಬಬೇಕಾದ ಒಂದೊಂದು ಖಾಲಿ ಜಾಗಕ್ಕೂ ಇಂಗ್ಲಿಷಿನಲ್ಲಿ "ಫೀಲ್ಡ್" ಅನ್ನುತ್ತಾರೆ. ಕನ್ನಡದಲ್ಲಿ ಅದನ್ನು "ಕ್ಷೇತ್ರ" ಎಂದು ಬರೆಯುವುದುಂಟು.

ಮೊದಲೆಲ್ಲ ಸಬ್‌ಮಿಟ್ ಒತ್ತಿದರೆ ಇಡೀ ಪುಟ ಮತ್ತೆ ತೆರೆದುಕೊಂಡು, ತಪ್ಪುಗಳೆಲ್ಲ ಮೇಲ್ಗಡೆ ಕೆಂಪಕ್ಷರದಲ್ಲಿ ಬರುತ್ತಿದ್ದವು. ಈಗ ಪಿನ್‌ಕೋಡ್ ಬರೆದು ಮುಂದಕ್ಕೆ ಹೋದ ಕೂಡಲೇ ಸರ್ವರ್ ಅದೊಂದನ್ನೇ ನೋಡಿ, ಪುಟದ ಆ ತುಣುಕನ್ನು ಮಾತ್ರ ಬದಲಿಸುತ್ತದೆ. ಕಣ್ಣು ಕಾಣುವವರಿಗೆ ಇದು ಸಲೀಸು. ಆದರೆ ಸ್ಕ್ರೀನ್ ರೀಡರ್ (ಪರದೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶ) ಬಳಸುವ, ಕಣ್ಣು ಕಾಣದವರಿಗೆ ಪುಟ ಬದಲಾದದ್ದೇ ಗೊತ್ತಾಗುವುದಿಲ್ಲ. ಅದಕ್ಕೇ ಆ ಜಾಗಕ್ಕೆ ಏರಿಯಾ-ಲೈವ್ (aria-live) ಎಂಬ ಗುರುತು ಹಾಕುತ್ತೇವೆ. ಆಗ ಹೊಸದಾಗಿ ಬಂದ ಸಾಲನ್ನು ಸ್ಕ್ರೀನ್ ರೀಡರ್ ಓದಿ ಹೇಳುತ್ತದೆ. ಆ ಸಾಲನ್ನು ಮಾತ್ರ.

ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಹಾಕಿಕೊಂಡು, ಕಣ್ಣು ಮುಚ್ಚಿ ಕೇಳಿದೆ. "ಈ ಕ್ಷೇತ್ರ ಅಮಾನ್ಯವಾಗಿದೆ." ಯಾವ ಕ್ಷೇತ್ರ? ಏನಾಗಿದೆ ಅದಕ್ಕೆ? ಕ್ಷೇತ್ರ ಅಂದರೆ ನಮಗೆ ಧರ್ಮಸ್ಥಳ, ಇಲ್ಲವೇ ವಿಧಾನಸಭಾ ಕ್ಷೇತ್ರ, ಅಲ್ವಾ? "ಅಮಾನ್ಯ"ವಂತೂ ಅರ್ಜಿಯನ್ನೇ ತಳ್ಳಿಹಾಕಿದ ಹಾಗೆ ಕೇಳಿಸುತ್ತದೆ. ಒಂದು ಅಂಕಿ ಬಿಟ್ಟುಹೋದದ್ದಕ್ಕೆ ಅಷ್ಟು ದೊಡ್ಡ ಮಾತು ಬೇಡ. "ಪಿನ್‌ಕೋಡ್‌ನಲ್ಲಿ 6 ಅಂಕಿ ಇರಬೇಕು, 5 ಇವೆ" ಅಂದರೆ ಮುಗಿಯಿತು. ಬ್ಯಾಂಕಿನ ಐಎಫ್‌ಎಸ್‌ಸಿಯಲ್ಲಿ 11 ಅಕ್ಷರ, ಐದನೆಯದು ಸೊನ್ನೆ. ಅಲ್ಲಿ ಜನ ಇಂಗ್ಲಿಷಿನ ಓ ಒತ್ತಿಬಿಡುತ್ತಾರೆ. "ಐಎಫ್‌ಎಸ್‌ಸಿ: ಐದನೆಯದು ಸೊನ್ನೆ, ಓ ಅಲ್ಲ" ಎಂದು ಬರೆದಿದ್ದೇನೆ.

ತೊಡಕು ಇರುವುದು ವಿಭಕ್ತಿಯಲ್ಲಿ. ಸಾಲಿನ ಅಚ್ಚು ಒಂದೇ ಇರುತ್ತದೆ, ಪ್ರೋಗ್ರಾಂ ಅದರೊಳಗೆ ಹೆಸರು ಕೂರಿಸುತ್ತದೆ. ಹಾಗಾಗಿ "ಹೆಸರು ಅನ್ನು ನಮೂದಿಸಿ", "ದಿನಾಂಕ ಅನ್ನು ನಮೂದಿಸಿ" ಎಂದು ಬರುತ್ತದೆ. ನಮ್ಮಲ್ಲಿ ಅದು ಹೆಸರನ್ನು, ದಿನಾಂಕವನ್ನು. ಯಂತ್ರಕ್ಕೆ ಈ ಸಂಧಿ ಕಲಿಸುವ ಬದಲು "ಅನ್ನು" ತೆಗೆದುಬಿಟ್ಟೆ. "ಹೆಸರು ಬರೆಯಿರಿ", "ದಿನಾಂಕ ಬರೆಯಿರಿ." ಮಾತಿನಲ್ಲಿ ನಾವು ಹೇಳುವುದೂ ಹೀಗೇ. ಆದರೆ "ಅಲ್ಲಿ" ಬೇಕಾದ ಕಡೆ ಈ ದಾರಿ ಇಲ್ಲ. ಹೆಸರಿನಲ್ಲಿ, ದಿನಾಂಕದಲ್ಲಿ, ಪಿನ್‌ಕೋಡ್‌ನಲ್ಲಿ: ಮೂರೂ ಬೇರೆ ಬೇರೆ. ಅಂಥ ಕಡೆ ಐಎಫ್‌ಎಸ್‌ಸಿ ಸಾಲಿನ ಹಾಗೆ ಹೆಸರು ಮುಂದಿಟ್ಟು ಎರಡು ಚುಕ್ಕಿ ಹಾಕಿದರೆ ಕನ್ನಡ ತೀರಾ ಒಣಗಿದಂತೆ ಕಾಣುತ್ತದೆಯೇ?

ಇನ್ನು "ಫೀಲ್ಡ್". ಕಚೇರಿಗಳಲ್ಲಿ "ನಾಲ್ಕನೇ ಕಾಲಂ ಖಾಲಿ ಬಿಟ್ಟಿದ್ದೀರಿ" ಅನ್ನುತ್ತಾರೆ. ಶಾಲೆಯಲ್ಲಿ "ಬಿಟ್ಟ ಸ್ಥಳ ತುಂಬಿರಿ." ಚೌಕಾಬಾರದಲ್ಲಿ ಒಂದೊಂದು ಚೌಕವೂ ಮನೆ. ನನಗೆ "ಮನೆ" ಇಷ್ಟ. ಆದರೆ ವಿಳಾಸ ಕೇಳುವ ಅರ್ಜಿಯಲ್ಲಿ "ಮನೆ ತುಂಬಿಲ್ಲ" ಅಂದರೆ ಗೊಂದಲ ಆಗುತ್ತದೆ. ಸದ್ಯಕ್ಕೆ "ಕಾಲಂ" ಇಟ್ಟಿದ್ದೇನೆ.

ನಿಮ್ಮ ಕಡೆ, ಓದುಬರಹ ಬಾರದವರಿಗೆ ಪಕ್ಕದಲ್ಲಿ ಕೂತು ಅರ್ಜಿ ತುಂಬಿಸುವಾಗ, ಆ ಜಾಗಕ್ಕೆ ಏನನ್ನುತ್ತೀರಿ? ಕಲಬುರಗಿ, ಬೆಳಗಾವಿ, ಕರಾವಳಿ ಕಡೆಯವರು ದಯವಿಟ್ಟು ತಿಳಿಸಿ.