ಗೋಡೆಯಿಂದ ಕಿತ್ತ ಬಸರಿ ಚಿಗುರಿದ ಮೇಲೆ ಬಾಡುತ್ತಿದೆ, ಉಳಿಸೋದು ಹೇಗೆ?

ಪ್ರಶ್ನೆ, ಮಂಡ್ಯ
ಕೆಡವುತ್ತಿದ್ದ ಹಳೇ ಗೋಡೆಯ ಸಂದಿಯಲ್ಲಿದ್ದ ಬಸರಿ (ಆಲದ ಜಾತಿಯ ಮರ). ಬುಡದ ದಪ್ಪ 4 ಅಂಗುಲ. ಬೋನ್ಸಾಯ್ (ಕುಂಡದಲ್ಲಿ ಬೆಳೆಸುವ ಕುಬ್ಜ ಮರ) ಮಾಡೋಣ ಅಂತ ಜೂನ್ ಮೊದಲ ವಾರ ಕಿತ್ತು, ಕಾಂಡ 14 ಅಂಗುಲ ಉಳಿಸಿ ಟಬ್ಬಿಗೆ ಹಾಕಿದ್ದು. ಗದ್ದೆ ಮಣ್ಣು 2 ಪಾಲು, ಕೊಟ್ಟಿಗೆ ಗೊಬ್ಬರ 1 ಪಾಲು, ದಿನಕ್ಕೆ ಎರಡು ಸಲ ನೀರು. ಮೂರನೇ ವಾರ ಚಿಗುರಿತು, ಬಿಸಿಲಿಗಿಟ್ಟು 19:19:19 (ನೀರಲ್ಲಿ ಕರಗುವ ರಾಸಾಯನಿಕ ಗೊಬ್ಬರ) ಒಂದು ಚಮಚ ಕೊಟ್ಟೆ. ಈಗ ಆರನೇ ವಾರ. ಎರಡಂಗುಲದ ಚಿಗುರು ಜೋತುಬಿದ್ದು ತುದಿ ಕಪ್ಪಾಗುತ್ತಿದೆ. ನೀರು ಸಾಲದಾ? ಹೊಲದ ಬದುವಿನಲ್ಲಿ ಒಂದು ಹುಣಸೆಯೂ ಇದೆ, ಈ ಮಳೆಗೇ ಕೀಳಬಹುದಾ?

ಉತ್ತರ, ಮೈಸೂರು
ನೀರು ಹೆಚ್ಚಿಸಬೇಡಿ ಸರ್. ಚಿಗುರು ಬಂತು ಅಂದರೆ ಬೇರು ಬಂತು ಅಂತಲ್ಲ. ಇಷ್ಟು ದಪ್ಪದ ಕಾಂಡದಲ್ಲಿ ಕೂಡಿಟ್ಟ ಪಿಷ್ಟ ಇರುತ್ತೆ, ಮೊದಲ ಚಿಗುರು ಹೊರಡೋದು ಅದರ ಬಲದಲ್ಲೇ. ಎಲೆ ಬಿಚ್ಚಿಕೊಂಡಂತೆ ಆವಿಯಾಗುವ ನೀರು ಹೆಚ್ಚುತ್ತೆ, ಕೆಳಗಿಂದ ಎಳೆದುಕೊಡಲು ಬೇರಿರಲ್ಲ, ಆಗ ಹೀಗೆ ಜೋಲುತ್ತೆ. ಬಿಸಿಲಿಗಿಟ್ಟಿದ್ದು ಅದನ್ನು ಬೇಗ ಮಾಡಿತು. ಗದ್ದೆ ಮಣ್ಣು ಟಬ್ಬಿನಲ್ಲಿ ಕೆಸರಾಗಿ ಕೂತು ಗಾಳಿ ಆಡಲು ಬಿಡಲ್ಲ. ಬೇರಿಲ್ಲದಾಗ ಹಾಕಿದ ಗೊಬ್ಬರದ ಉಪ್ಪು ಕತ್ತರಿಸಿದ ಗಾಯವನ್ನು ಸುಡುತ್ತೆ.

ಮೊದಲು ಜೀವ ಎಲ್ಲಿದೆ ನೋಡಿ. ಮೇಲಿನಿಂದ ಕೆಳಕ್ಕೆ ಅಂಗುಲಕ್ಕೊಂದು ಕಡೆ ಉಗುರಿನಿಂದ ತೊಗಟೆ ಕೆರೆಯಿರಿ. ತೆಳ್ಳಗಿನ ಹಸಿರು ಪದರ ಕಂಡು ಹಾಲು ಒಸರಿದರೆ ಜೀವ ಇದೆ. ಕಂದು ಬಣ್ಣದ ಒಣ ಪದರ ಇದ್ದರೆ ಅಷ್ಟು ಭಾಗ ಹೋಗಿದೆ. ಆಮೇಲೆ ಬಿದಿರು ಕಡ್ಡಿಯನ್ನು ಮಣ್ಣಿಗೆ 4 ಅಂಗುಲ ಚುಚ್ಚಿ, ಹತ್ತು ನಿಮಿಷ ಬಿಟ್ಟು ತೆಗೆದು ಮೂಸಿ ನೋಡಿ.

ಪ್ರಶ್ನೆ ಕೇಳಿದವರು
ಮೇಲಿನ 3 ಅಂಗುಲ ಕಂದು, ಅದರ ಕೆಳಗೆ ಹಸಿರಿದೆ, ಹಾಲೂ ಬರುತ್ತೆ. ಕಡ್ಡಿ ಚರಂಡಿ ವಾಸನೆ.

ಉತ್ತರ, ಮೈಸೂರು
ಹಾಗಾದರೆ ಉಳಿಯುವ ಸಾಧ್ಯತೆ ಇದೆ. ವಾಸನೆ ಇಲ್ಲದಿದ್ದರೆ ಮುಟ್ಟಬೇಡಿ ಅನ್ನುತ್ತಿದ್ದೆ. ಇದು ಕೊಳೆಯುತ್ತಿದೆ, ಇವತ್ತೇ ಮಣ್ಣು ಬದಲಿಸಿ.

ಬೇರನ್ನು ನೀರಲ್ಲಿ ತೊಳೆಯಿರಿ, ಎಳೆದು ಬಿಡಿಸಬೇಡಿ. ಹಿಚುಕಿದರೆ ಸಿಪ್ಪೆ ಜಾರುವ ಬೇರನ್ನೆಲ್ಲ ಹರಿತವಾದ ಕತ್ತರಿಯಿಂದ ಗಟ್ಟಿ ಬಿಳಿ ಭಾಗ ಸಿಗುವವರೆಗೆ ಕತ್ತರಿಸಿ. ಗರಗಸ ಹಾಕಿದ ಕಡೆ ನಾರು ಎದ್ದಿದ್ದರೆ ಚಾಕುವಿನಿಂದ ನುಣ್ಣಗೆ ಮಾಡಿ. ಹೊಸ ಬೇರು ಹೆಚ್ಚಾಗಿ ಹುಟ್ಟೋದು ಆ ಗಾಯದ ಅಂಚಿನಿಂದಲೇ. ಹಾಲು ನಿಂತ ಮೇಲೆ, ಲೀಟರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ (ಶಿಲೀಂಧ್ರನಾಶಕ) ಕಲಸಿದ ನೀರಲ್ಲಿ ಹತ್ತು ನಿಮಿಷ ಅದ್ದಿ. ಕೈಗವಸು ಹಾಕಿಕೊಳ್ಳಿ.

ಹೊಸ ಮಿಶ್ರಣ: 3ರಿಂದ 6 ಮಿ.ಮೀ. ಇಟ್ಟಿಗೆ ಚೂರು 5 ಪಾಲು, ತೊಳೆದ ದಪ್ಪ ಎಂ-ಸ್ಯಾಂಡ್ 3 ಪಾಲು, ನೆನೆಸಿ ಹಿಂಡಿದ ಕೋಕೋಪಿಟ್ (ತೆಂಗಿನ ನಾರಿನ ಪುಡಿ) 2 ಪಾಲು. ಗೊಬ್ಬರ ಏನೂ ಬೇಡ. ಇಟ್ಟಿಗೆ ಚೂರಿನ ಪುಡಿಯನ್ನು ಜರಡಿ ಹಿಡಿದು ತೆಗೆಯಲೇಬೇಕು, ಇಲ್ಲದಿದ್ದರೆ ಅದು ತಳದಲ್ಲಿ ಸೇರಿ ಮತ್ತೆ ಕೆಸರೇ. ಕಪ್ಪಾದ ಚಿಗುರು ಮತ್ತು ಸತ್ತ 3 ಅಂಗುಲ ತೆಗೆದು, ಆ ಗಾಯಕ್ಕೆ ಮೇಣ ಹಚ್ಚಿ.

ಉತ್ತರ, ಶ್ರೀರಂಗಪಟ್ಟಣ
ಒಂದು ಸೇರಿಸುತ್ತೇನೆ. ಟಬ್ಬಿನ ತಳದ ತೂತುಗಳಿಂದ ತಂತಿ ತಂದು ಬುಡವನ್ನು ಬಿಗಿಯಾಗಿ ಕಟ್ಟಿ, ತಂತಿ ತಾಗುವ ಕಡೆ ಸೈಕಲ್ ಟ್ಯೂಬಿನ ತುಂಡು ಇಡಿ. ಹೊಸ ಬೇರಿನ ತುದಿ ಭತ್ತದ ಮೊಳಕೆಯಷ್ಟು ಸೂಕ್ಷ್ಮ, ಗಾಳಿಗೆ ಬುಡ ಒಂದು ಕೂದಲೆಳೆ ಅಲುಗಿದರೂ ಮುರಿಯುತ್ತೆ. ಎಷ್ಟೋ ಗಿಡ ಸಾಯೋದು ಇದರಿಂದಲೇ, ಆದರೆ ದೂರು ನೀರಿನ ಮೇಲೆ.

ನಾಲ್ಕು ಕಡ್ಡಿ ನೆಟ್ಟು, ಕಾಂಡಕ್ಕೆ ತಾಗದ ಹಾಗೆ ಬಿಳಿ ಪ್ಲಾಸ್ಟಿಕ್ ಕವರ್ ಮುಚ್ಚಿ, ಪೂರ್ತಿ ನೆರಳಲ್ಲಿಡಿ. ಕವರ್ ಸಮೇತ ಬಿಸಿಲಿಗಿಟ್ಟರೆ ಗಿಡ ಬೇಯುತ್ತೆ. ಮೇಲಿನ ಒಂದಂಗುಲ ಮಣ್ಣು ಒಣಗಿದಾಗ ಮಾತ್ರ ನೀರು, ಆಗ ತಳದಿಂದ ಹರಿಯುವಷ್ಟು. ಬೋರ್‌ವೆಲ್ ನೀರಿಂದ ಅಂಚಿಗೆ ಬಿಳಿ ಉಪ್ಪು ಕಟ್ಟುತ್ತಿದ್ದರೆ ಮಳೆನೀರು ಹಿಡಿದಿಡಿ.

ಹುಣಸೆ ಈಗ ಬೇಡ. ಬಸರಿ, ಆಲ, ಗೋಣಿ ಮರ ಇವು ಬೇರು ಕಳೆದುಕೊಂಡರೂ ತಡೆಯುತ್ತವೆ, ಹುಣಸೆ ತಡೆಯಲ್ಲ. ತಾಯಿಬೇರು ನೇರ ಇಳಿದಿರುತ್ತೆ, ನೀರು ಹೀರುವ ಸಣ್ಣ ಬೇರೆಲ್ಲ ದೂರದಲ್ಲಿರುತ್ತೆ. ಬರುವ ಫೆಬ್ರವರಿ ಕೊನೆಗೆ, ಹೊಸ ಎಲೆ ಬರುವ ಮುಂಚೆ, ಬುಡದಿಂದ ಒಂದಡಿ ಬಿಟ್ಟು ಅರ್ಧ ಸುತ್ತು ಮಾತ್ರ ಕಂದಕ ತೋಡಿ, ಬೇರು ಕತ್ತರಿಸಿ, ಮರಳು ಮತ್ತು ಎಲೆಗೊಬ್ಬರ ತುಂಬಿ. ಮುಂದಿನ ವರ್ಷ ಉಳಿದರ್ಧ. ಮೂರನೇ ವರ್ಷ ತಾಯಿಬೇರು ಕತ್ತರಿಸಿ, ಮಣ್ಣಿನ ಉಂಡೆ ಒಡೆಯದೆ ಗೋಣಿಚೀಲ ಸುತ್ತಿ ಎತ್ತಿ. ಬದು ನಿಮ್ಮದಲ್ಲದಿದ್ದರೆ ಹೊಲದವರನ್ನು ಕೇಳಿ. ಚಾಮುಂಡಿ ಬೆಟ್ಟ, ಮೇಲುಕೋಟೆ ಅಭಯಾರಣ್ಯದ ಕಡೆ ಗುದ್ದಲಿ ಒಯ್ಯಲೇಬೇಡಿ, ಅಲ್ಲಿ ಗಿಡ ಕೀಳೋದು ಅಪರಾಧ.

ಪ್ರಶ್ನೆ ಕೇಳಿದವರು
ಮಣ್ಣು ಬದಲಿಸಿದೆ, ಬಿಗಿದು ಕಟ್ಟಿದ್ದೇನೆ. ಬೇರು ಬಂತು ಅಂತ ಗೊತ್ತಾಗೋದು ಹೇಗೆ?

ಉತ್ತರ, ಮೈಸೂರು
ಕಿತ್ತು ನೋಡಬೇಡಿ. ಎರಡನೇ ಸುತ್ತಿನ ಚಿಗುರು ಬಂದು, ಎಲೆ ಗಟ್ಟಿಯಾಗಿ, ಅದರ ಮೇಲೆ ಮತ್ತೆ ಹೊಸ ಮೊಗ್ಗು ಮೂಡಬೇಕು. ಟಬ್ಬಿನ ತಳದ ತೂತಲ್ಲಿ ಬಿಳಿ ತುದಿ ಕಂಡರೆ ಇನ್ನೂ ಖಚಿತ. ಆಗ ಕವರಿಗೆ ವಾರಕ್ಕೆರಡು ತೂತು ಮಾಡುತ್ತಾ ಒಂದು ತಿಂಗಳಲ್ಲಿ ತೆಗೆಯಿರಿ, ಆಮೇಲೆ ಬೆಳಗಿನ ಬಿಸಿಲು ಒಂದು ಗಂಟೆಯಿಂದ ಶುರು. ಗೊಬ್ಬರ ಅದಾದ ಆರು ವಾರಕ್ಕೆ, 19:19:19 ಲೀಟರಿಗೆ 1 ಗ್ರಾಂ ಮಾತ್ರ. ಬರುವ ಚಿಗುರನ್ನೆಲ್ಲ ಒಂದು ವರ್ಷ ಹಾಗೇ ಬೆಳೆಯಲು ಬಿಡಿ, ಕತ್ತರಿ, ಕೊಂಬೆ ಬಗ್ಗಿಸುವ ತಂತಿ ಎರಡೂ ಬೇಡ. ಮಣ್ಣು ಬದಲಿಸಿದ ತಾರೀಖನ್ನು ಟಬ್ಬಿನ ಮೇಲೆ ಪೇಂಟಲ್ಲಿ ಬರೆದಿಡಿ.