ಸಹಾಯ ಬೇಕು: ಬಯೋಟೆಕ್ ಕೋರ್ಸ್‌ಗೆ ಕಂಪನಿಗಳನ್ನು ಜೊತೆ ಸೇರಿಸಿಕೊಳ್ಳುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ಅಮೆರಿಕದ ಒಂದು ಕಮ್ಯುನಿಟಿ ಕಾಲೇಜಿನಲ್ಲಿ (ಎರಡು ವರ್ಷದ ಕಾಲೇಜು) ಜೀವಶಾಸ್ತ್ರ ಪಾಠ ಮಾಡುತ್ತೇನೆ. ಬಯೋಟೆಕ್ ಟೆಕ್ನಿಷಿಯನ್ ಕೆಲಸಕ್ಕೆ ತಯಾರು ಮಾಡುವ ಕೋರ್ಸ್ ಶುರು ಮಾಡಬೇಕೆಂದಿದ್ದೇವೆ. ಅನುಭವ ಇರುವವರು ದಯವಿಟ್ಟು ದಾರಿ ತೋರಿಸಿ.

ಪೈಪೆಟ್ ಹಿಡಿಯುವುದು, ಪಿಸಿಆರ್ (ಡಿಎನ್‌ಎ ತುಣುಕಿನ ಪ್ರತಿಗಳನ್ನು ಹೆಚ್ಚಿಸುವ ವಿಧಾನ) ಮಾಡುವುದು ನಮ್ಮ ಮಕ್ಕಳಿಗೆ ಬರುತ್ತದೆ. ಔಷಧ ತಯಾರಿಸುವ ಕಡೆ ಅಷ್ಟೇ ಸಾಲದು, ಅಲ್ವಾ? ಜಿಎಂಪಿ (ಔಷಧ ತಯಾರಿಕೆಯ ಗುಣಮಟ್ಟ ಕಾಯುವ ನಿಯಮಗಳು) ಪ್ರಕಾರ ಮಾಡಿದ ಕೆಲಸವನ್ನು ಆಗಲೇ ಬರೆದಿಡಬೇಕು. ತಪ್ಪಾದರೆ ವೈಟ್ನರ್ ಹಚ್ಚುವಂತಿಲ್ಲ. ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸಹಿ, ತಾರೀಖು ಹಾಕಬೇಕು. ಈ ರೂಢಿ ಕ್ಲಾಸಿನಲ್ಲೇ ಕೈಗೆ ಹತ್ತಬೇಕು ಅಂತ ನನ್ನಾಸೆ. ಅದಕ್ಕೆ ಕಂಪನಿಯವರೇ ಬಂದು ಕಲಿಸಿದರೆ ಚೆನ್ನ.

ನಾರ್ತ್ ಕೆರೊಲಿನಾದ ಕಮ್ಯುನಿಟಿ ಕಾಲೇಜುಗಳ ಬಯೋವರ್ಕ್ ಎಂಬ, ಔಷಧ ಕಾರ್ಖಾನೆ ಕೆಲಸಕ್ಕೆ ತಯಾರು ಮಾಡುವ ಕೋರ್ಸ್ ಬಗ್ಗೆ ಓದಿದ್ದೇನೆ. 1992ರ ಕಾನೂನಿನಿಂದ ಹುಟ್ಟಿದ, ಅಮೆರಿಕ ಸರ್ಕಾರದ ವಿಜ್ಞಾನ ಸಂಸ್ಥೆ ಎನ್‌ಎಸ್‌ಎಫ್‌ನ ಎಟಿಇ ಎಂಬ ತಂತ್ರಜ್ಞರ ತರಬೇತಿ ಅನುದಾನಕ್ಕೂ ಅರ್ಜಿ ಹಾಕುವ ಯೋಚನೆ ಇದೆ.

ಕಂಪನಿಯವರು ಕೋರ್ಸ್‌ನ ಸಲಹಾ ಸಮಿತಿಗೆ ಬಂದು ಸುಮ್ನೆ ಕೂತು ಹೋಗದಂತೆ ನೀವು ಏನು ಮಾಡಿದಿರಿ? ಮೊದಲು ಯಾರನ್ನು ಭೇಟಿ ಮಾಡಬೇಕು, ಎಚ್‌ಆರ್‌ನವರನ್ನೋ, ಉತ್ಪಾದನೆ ನೋಡಿಕೊಳ್ಳುವ ಮ್ಯಾನೇಜರನ್ನೋ? ಸಂಬಳದ ಇಂಟರ್ನ್‌ಶಿಪ್‌ಗೆ ಹೇಗೆ ಒಪ್ಪಿಸಿದಿರಿ? ನಮ್ಮಲ್ಲಿ ದುಡಿಯುತ್ತಲೇ ಓದುವವರು ಜಾಸ್ತಿ. ಪುಕ್ಕಟೆ ಇಂಟರ್ನ್‌ಶಿಪ್ ಅವರಿಗೆ ಆಗದ ಮಾತು. ಒಪ್ಪಂದದ ಮಾದರಿ ಪತ್ರ ಯಾರ ಬಳಿಯಾದರೂ ಇದ್ದರೆ ಹಂಚಿಕೊಳ್ಳಿ, ತುಂಬಾ ಉಪಕಾರವಾಗುತ್ತದೆ.